ಡೇಲ್ ಹ್ರಿಚುಕ್ ಎರಡನೇ ಸಲ ಕೈಗವಸು ಬಿಸಾಡಿದ್ದು

ಪೈಕ್ ಫಾಲ್ಸ್‌ನ ಐಸ್ ಹಾಕಿ ಅಂಗಳದಲ್ಲಿ ಇಪ್ಪತ್ತೆರಡು ವರ್ಷ ಮೈಕು ಹಿಡಿದು ಗೋಲು, ಶಿಕ್ಷೆ ಎಲ್ಲವನ್ನೂ ಕೂಗಿ ಹೇಳಿದವಳು ನಾನು. ಕೊನೆಯ ಚಳಿಗಾಲದಲ್ಲಿ ಕೂಗಲು ಏನೂ ಇರಲಿಲ್ಲ. ಗೋಲು ಹೊಡೆಯುವುದಕ್ಕಿಂತ ಬಿಟ್ಟುಕೊಡದಿರುವುದೇ ಆಟ ಎಂದು ಹೊಸ ಕೋಚ್ ನಂಬಿದ್ದ. ನಮ್ಮ ಐವರು ಆಟಗಾರರೂ ಮಂಜುಗಡ್ಡೆಯ ನಡುವೆ ಬೇಲಿ ಹಾಕಿದಂತೆ ನಿಲ್ಲುತ್ತಿದ್ದರು. ಪಕ್ ಎಂಬ ಆ ರಬ್ಬರ್ ಬಿಲ್ಲೆ ಅತ್ತಲೂ ಹೋಗದು, ಇತ್ತಲೂ ಬಾರದು. ಒಂದು-ಸೊನ್ನೆಯಲ್ಲಿ ಗೆಲ್ಲುತ್ತಿದ್ದೆವು. ಕಾಗದದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದವರು ಕುರ್ಚಿಯಲ್ಲೇ ತೂಕಡಿಸಿದರು, ಆಮೇಲೆ ಬರುವುದನ್ನೇ ಬಿಟ್ಟರು.

ತಂಡ ಗೆಲ್ಲುತ್ತಿದ್ದುದರಿಂದ ಮ್ಯಾನೇಜರ್ ವಿಟ್‌ಕಂಬ್ ಕೋಚ್‌ಗೆ ಏನೂ ಹೇಳಲಿಲ್ಲ. ಖಾಲಿ ಕುರ್ಚಿ ತುಂಬಿಸಲು ಡೇಲ್ ಹ್ರಿಚುಕ್‌ನನ್ನು ಕರೆಸಿದ. ಡೇಲ್‌ಗೆ ಮೂವತ್ತಾರು. ನಮ್ಮವರನ್ನು ಯಾರಾದರೂ ಕೆಣಕಿದರೆ ಕೈಗವಸು ಬಿಸಾಡಿ ಗುದ್ದಾಡುವುದೇ ಅವನ ಕೆಲಸ. ಎರಡು ವರ್ಷದಿಂದ ತಲೆನೋವು ಬಿಡುತ್ತಿರಲಿಲ್ಲ. ತಲೆಗೆ ಇನ್ನೊಂದು ಏಟು ಬೀಳಬಾರದೆಂದು ಡಾಕ್ಟರು ಹೇಳಿದ್ದು ವಿಟ್‌ಕಂಬ್‌ಗೂ ಗೊತ್ತಿತ್ತು. ಆದರೂ ಭಾನುವಾರ ಮಧ್ಯಾಹ್ನದ ಆಟದಲ್ಲಿ ಎದುರು ತಂಡದ ರೆಜಿ ಸಬೂರಿನ್ ಜೊತೆ ಹೊಡೆದಾಟ ಆಗಲೇಬೇಕು, ಊರಿಗೆಲ್ಲ ಸುದ್ದಿ ಹಬ್ಬಿಸಿಯಾಗಿದೆ ಎಂದ. ಆಗುವುದಿಲ್ಲವೆಂದರೆ ಏನಾಗುತ್ತದೆಂದು ಹೇಳುವ ಅಗತ್ಯ ಬೀಳಲಿಲ್ಲ.

ಡೇಲ್ ಇದನ್ನೆಲ್ಲ ನನಗೆ ಹೇಳಿದ್ದು ಆಟಕ್ಕೆ ಮುಂಚೆ, ಕಾಫಿ ಕುಡಿಯುತ್ತ.

"ರೆಜಿಗೆ ಫೋನ್ ಮಾಡಿದ್ದೆ ಕಣೇ ವರ್ನಾ. ಹಳೇ ರೂಮ್‌ಮೇಟು, ಇಲ್ಲ ಅಂತಾನಾ? ಅಂಗಿ ಹಿಡ್ಕೊಂಡು ಎಳೆದಾಡ್ತೀವಿ, ಭುಜಕ್ಕೆ ನಾಲ್ಕು ಕೊಡ್ತೀವಿ, ಬಿದ್ಬಿಡ್ತೀವಿ. ಮುಗೀತು."

"ಜನ ಅಷ್ಟು ದಡ್ರೇನೋ?"

"ನಮ್ಮ ಆಟ ನೋಡಿ ನೋಡಿ ಅವ್ರ ಕಣ್ಣು ಮಂಜಾಗಿದೆ, ಬಿಡು," ಎಂದು ನಕ್ಕ.

ಅಂದು ಅಂಗಳ ತುಂಬಿತ್ತು. ಹತ್ತನೇ ನಿಮಿಷಕ್ಕೆ ಇಬ್ಬರೂ ಕೈಗವಸು ಬಿಸಾಡಿದರು, ಮಾತಾಡಿಕೊಂಡಂತೆಯೇ ಎಳೆದಾಡಿದರು, ಬಿದ್ದರು. ಆಮೇಲೆ ಎಲ್ಲ ಕಡೆಯಿಂದ ಛೀಮಾರಿ ಶುರುವಾಯಿತು. "ಮುತ್ತು ಕೊಟ್ಕೊಳ್ರೋ!" ಎಂದು ಯಾರೋ ಕೂಗಿದರು. ಬಿಯರ್ ಲೋಟವೊಂದು ಅಂಗಳದ ಸುತ್ತಲಿನ ಗಾಜಿಗೆ ಬಡಿದು ಚೆಲ್ಲಿತು.

ಹೊಡೆದಾಡಿದ್ದಕ್ಕೆ ಇಬ್ಬರಿಗೂ ಐದೈದು ನಿಮಿಷ ಆಟದಿಂದ ಹೊರಗೆ ಕೂರುವ ಶಿಕ್ಷೆ. ಶಿಕ್ಷೆಯ ಕಟ್ಟೆ ನನ್ನ ಮೈಕಿನ ಪಕ್ಕದಲ್ಲೇ. ಡೇಲ್ ಬಂದು ಕುಳಿತ. ಅವನ ಕೂದಲು ಕತ್ತರಿಸುವ ಮುದುಕ ಆರ್ವಿಲ್ ಹಿಂದಿನಿಂದ ಗಾಜು ಬಡಿದು, "ನಿನ್ನ ನಂಬಿ ಬಂದಿದ್ವಲ್ಲೋ ಡೇಲ್," ಎಂದ. ಬೈಗುಳಗಳಿಗೆ ಅಲುಗದವನು ಆ ಮಾತಿಗೆ ಕಿವಿಯವರೆಗೂ ಕೆಂಪಾದ. ಅದನ್ನೆಲ್ಲ ಕಿವಿಗೆ ಹಾಕಿಕೊಳ್ಳಬೇಡವೆಂದೆ.

"ಇವ್ರಿಗೆ ನಾನು ಬೇರೆ ಏನ್ ಕೊಟ್ಟಿದ್ದೀನಿ, ಹೇಳು?" ಎಂದ.

ಶಿಕ್ಷೆ ಮುಗಿದು ಅಂಗಳಕ್ಕೆ ಇಳಿದವನೇ ಮತ್ತೆ ಕೈಗವಸು ಬಿಸಾಡಿದ, ಹೆಲ್ಮೆಟ್ಟನ್ನೂ ತೆಗೆದು ಪಕ್ಕಕ್ಕೆಸೆದ. ರೆಜಿ ಬೇಡವೆಂದು ತಲೆಯಾಡಿಸುತ್ತ ಹಿಂದೆ ಹಿಂದೆ ಜಾರಿದ. ಡೇಲ್ ಅವನ ಮೂಗಿಗೇ ಗುದ್ದಿದ. ರಕ್ತ ಚಿಮ್ಮಿತು. ರೆಜಿಗೂ ಗುದ್ದಾಡಿ ಹದಿನಾಲ್ಕು ವರ್ಷದ ಅಭ್ಯಾಸ. ಅವನ ಕೈ ತಾನಾಗಿಯೇ ಎದ್ದು ಡೇಲ್‌ನ ದವಡೆಗೆ ಬಡಿಯಿತು. ಡೇಲ್ ಅಂಗಾತ ಬಿದ್ದ. ತಲೆ ಮಂಜುಗಡ್ಡೆಗೆ ಬಡಿದ ಸದ್ದು ನನ್ನ ಮೈಕಿನೊಳಗೂ ಕೇಳಿಸಿತು.

ಜನರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಇಡೀ ಚಳಿಗಾಲದಲ್ಲಿ ಅವರು ಎದ್ದು ನಿಂತಿದ್ದು ಅದೊಂದೇ ಸಲ. ಡೇಲ್ ಏಳುವುದಿಲ್ಲವೆಂದು ತಿಳಿಯಲು ಸಾಕಷ್ಟು ಹೊತ್ತು ಹಿಡಿಯಿತು. ಚಪ್ಪಾಳೆ ಸಾಲುಸಾಲಾಗಿ ನಿಂತಿತು. ಶಿಕ್ಷೆಯನ್ನು ನಾನು ಕೂಗಿ ಹೇಳಬೇಕಿತ್ತು. ಮೈಕು ಆರಿಸಿ ಮನೆಗೆ ಹೋದೆ. ಮತ್ತೆ ಅಲ್ಲಿಗೆ ಕಾಲಿಡಲಿಲ್ಲ.

ಮುಂದಿನ ಭಾನುವಾರದ ಕುರ್ಚಿಗಳೆಲ್ಲ ಮುಂಚೆಯೇ ಭರ್ತಿಯಾದವಂತೆ. ವಿಟ್‌ಕಂಬ್ ಪಶ್ಚಿಮದ ಕಡೆಯಿಂದ ಇನ್ನೊಬ್ಬ ಜಗಳಗಂಟನನ್ನು ತಂದ. ಎರಡು ವರ್ಷಕ್ಕೆ ಜನರಿಗೆ ಅದೂ ಸಾಕಾಯಿತು. ತಂಡ ದಕ್ಷಿಣದ ಯಾವುದೋ ಪಟ್ಟಣದ ಪಾಲಾಯಿತು.

ಡೇಲ್ ಬದುಕಿದ್ದಾನೆ. ಹೆಂಡತಿ ಚಮಚದಲ್ಲಿ ಸೂಪು ಕುಡಿಸುತ್ತಾಳೆ. ರೆಜಿ ಆಟ ಬಿಟ್ಟು, ತಿಂಗಳಿಗೊಮ್ಮೆ ಐದು ಗಂಟೆ ಕಾರು ಓಡಿಸಿಕೊಂಡು ಬರುತ್ತಾನೆ. ಹೋದ ತಿಂಗಳು ನಾನೂ ಅಲ್ಲಿದ್ದೆ. ಡೇಲ್ ಅವನನ್ನು ಬಹಳ ಹೊತ್ತು ನೋಡಿ, "ನೀನು ಯಾವ ತಂಡದವನಪ್ಪಾ?" ಎಂದು ಕೇಳಿದ.

"ನಿಮ್ಮದೇ," ಎಂದ ರೆಜಿ.

ಡೇಲ್ ಸಮಾಧಾನದಿಂದ ಕಿಟಕಿಯತ್ತ ತಿರುಗಿದ. ಹೊರಗೆ ಬಂದ ಮೇಲೆ ರೆಜಿ ಕಾರು ಶುರು ಮಾಡದೆ ಸ್ಟೀರಿಂಗ್ ಹಿಡಿದುಕೊಂಡು ಕುಳಿತೇ ಇದ್ದ.