ಒಂಬತ್ತು ಗಂಟೆಯ ತಪಾಸಣೆ

ಎಂಬತ್ತೇಳನೆಯ ಇಸವಿ. ಯಶವಂತಪುರದ ಒಂದು ಕಾರ್ಖಾನೆಯ ಕಂಪ್ಯೂಟರ್ ಕೋಣೆಯಲ್ಲಿ ಆಪರೇಟರ್ ತಾಜುದ್ದೀನ್ ದಿನವಿಡೀ ಒಬ್ಬನೇ. ಹೆಂಡತಿ ತೀರಿಕೊಂಡ ಮೇಲೆ ಆರ್.ಟಿ. ನಗರದ ಮನೆಯಲ್ಲೂ ಒಬ್ಬನೇ.

ಉಗ್ರಾಣದ ಟರ್ಮಿನಲ್‌ಗಳಿಗೆಲ್ಲ ಬಿಡಿಭಾಗಗಳ ವಿವರ ಒದಗಿಸುವ ಪ್ರೋಗ್ರಾಮು ಅಲ್ಲಿತ್ತು. ಬೆಳಿಗ್ಗೆ ಒಂಬತ್ತಕ್ಕೆ, ಅದನ್ನು ಶುರು ಮಾಡುವ ಮುನ್ನ, ‘ನಿನ್ನ ಆವೃತ್ತಿ ಯಾವುದು’ ಎಂದು ಕೇಳುವ ತಪಾಸಣೆ. ಉತ್ತರ ಹೇಳಿ ಹೊರಡುವಾಗ ಪ್ರೋಗ್ರಾಮು ಒಂದು ಅಂಕೆ ಬಿಟ್ಟುಹೋಗಬೇಕು: ಸೊನ್ನೆಯಾದರೆ ಕ್ಷೇಮ, ಬೇರೇನಾದರೂ ಕೇಡು. ಇದೋ, ಉತ್ತರವನ್ನು ಸರಿಯಾಗಿ ಕೊಟ್ಟು, ಸೊನ್ನೆಯ ಬದಲು ‘ಒಂದು’ ಎಂಬ ಅಂಕೆ ಬಿಟ್ಟುಹೋಗುತ್ತಿತ್ತು. ಪ್ರಿಂಟರು ‘ಫೇಲ್’ ಎನ್ನುತ್ತಿತ್ತು. ಫೇಲಾದರೆ ಪ್ರೋಗ್ರಾಮು ಬರೆದವರೇ ಇಳಿದುಬಂದು ಸಹಿ ಹಾಕಿದ ಮೇಲೆಯೇ ಶುರು ಮಾಡಬೇಕೆಂಬುದು ನಿಯಮ.

ಬರೆದವನು ಮೇಲಿನ ಮಹಡಿಯ ಗುಂಡಣ್ಣ. “ಏನ್ ಸಾಬ್ರೇ, ನನ್ ಮಗ ಇವತ್ತೂ ಫೇಲಾ?”

“ದಿನಾ ಫೇಲಾಗೋ ಮಗನ್ನ ಸ್ಕೂಲಿಂದ ಬಿಡಿಸ್ತಾರೆ ಗುಂಡಣ್ಣಾವ್ರೇ. ನೀವು ಮುದ್ದು ಮಾಡ್ತೀರ.”

ಹತ್ತು ನಿಮಿಷ ಚಹಾ, ಹೆಬ್ಬಾಳದ ಬಸ್ಸಿಗೆ ಬೈಗುಳ. ತಾಜುದ್ದೀನನ ಪಾಲಿಗೆ ಇಡೀ ದಿನದ ಮಾತು ಅಷ್ಟೇ.

ಒಂದು ಮಧ್ಯಾಹ್ನ ಅವನೇ ಪರೀಕ್ಷಿಸಿದ. ಪ್ರೋಗ್ರಾಮಿಗೆ ‘ಸಹಾಯ’ ಎಂದು ಕೇಳಿದರೂ ಅದೇ ಒಂದು, ಅಸಂಬದ್ಧ ಅಕ್ಷರ ಬಡಿದರೂ ಅದೇ ಒಂದು. ಸರಿಯಾಗಿ ಕೇಳಿದವನಿಗೂ ತಪ್ಪಾಗಿ ಕೇಳಿದವನಿಗೂ ಒಂದೇ ಮುಖ. ಕಾಯಿಲೆ ತಿಳಿಯಿತು. ಹೇಳಿದರೆ ಗುಂಡಣ್ಣ ನಾಳೆಯಿಂದ ಇಳಿಯುವುದಿಲ್ಲ. ಎರಡು ತಿಂಗಳು ಆ ಮಾತನ್ನು ಚಹಾದೊಂದಿಗೆ ನುಂಗಿದ.

ಆಮೇಲೊಂದು ದಿನ ಬಿಡಿಭಾಗಗಳ ವಿವರವಿದ್ದ ಡಿಸ್ಕ್ ನಿಜವಾಗಿಯೇ ಕೆಟ್ಟಿತು. ಕಾಗದದಲ್ಲಿ ಅದೇ ‘ಫೇಲ್’. ಇಬ್ಬರೂ ಅತ್ತ ನೋಡದೆ ಹರಟಿದರು. ಗುಂಡಣ್ಣ ಸಹಿ ಎಳೆದ. ಮಧ್ಯಾಹ್ನದವರೆಗೆ ಉಗ್ರಾಣ ನಿಂತಿತು. ಏನೋ ಒತ್ತಿ ಕೆಡಿಸಿದಳೆಂದು ಅಲ್ಲಿನ ಗುಮಾಸ್ತೆ ಯಲ್ಲಮ್ಮನ ಕೈಗೆ ಮೆಮೋ ಬಂತು.

ಮರುದಿನ ಚಹಾ ಮುಗಿಯುವವರೆಗೂ ತಾಜುದ್ದೀನ್ ತಡೆದ.

“ಗುಂಡಣ್ಣಾವ್ರೇ, ತಪ್ಪು ಆಯಮ್ಮಂದಲ್ಲ. ನಿಮ್ ಪ್ರೋಗ್ರಾಮು ಕೇಳಿದ್ದಕ್ಕೆ ಸರಿಯಾಗಿ ಹೇಳಿದ್ರೂ ಸೊನ್ನೆ ಬದ್ಲು ಒಂದು ಬಿಡತ್ತೆ. ಅದಕ್ಕೇ ನಿಜವಾದ ಫೇಲು ನಮ್ಗೆ ಕಾಣ್ಲಿಲ್ಲ.”

ಗುಂಡಣ್ಣ ತಾನೇ ಬಡಿದು ನೋಡಿದ. “ಅಯ್ಯೋ! ಸರಿಗೂ ತಪ್ಪಿಗೂ ಹೊರಗೆ ಹೋಗೋಕೆ ಒಂದೇ ಬಾಗಿಲು ಇಟ್ಬಿಟ್ಟಿದೀನಲ್ರೀ. ಯಾವಾಗಿಂದ ಗೊತ್ತಿತ್ತು?”

“ಎರಡ್ ತಿಂಗ್ಳಿಂದ.”

“ಯಾಕ್ರೀ ಹೇಳ್ಲಿಲ್ಲ?”

ತಾಜುದ್ದೀನ್ ಲೋಟಗಳನ್ನು ತೊಳೆಯಲು ಎತ್ತಿಕೊಂಡ.

ಸಂಜೆಯೊಳಗೆ ಪ್ರೋಗ್ರಾಮು ತಿದ್ದಿಯಾಯಿತು. ಗುಂಡಣ್ಣ ಕಾರ್ಖಾನೆಯ ಮ್ಯಾನೇಜರ ಮುಂದೆ ತಪ್ಪೊಪ್ಪಿಕೊಂಡ ಮೇಲೆ ಯಲ್ಲಮ್ಮನ ಮೆಮೋ ವಾಪಸಾಯಿತು. ಮರುದಿನ ಒಂಬತ್ತಕ್ಕೆ ಕಾಗದದಲ್ಲಿ ಸೊನ್ನೆ. ತಾಜುದ್ದೀನ್ ಮೆಟ್ಟಿಲ ಕಡೆ ಕಿವಿಗೊಟ್ಟು ಕುಳಿತ. ತಾನೇ ಮೇಲೆ ಹೋಗೋಣವೆಂದು ಬಾಗಿಲವರೆಗೆ ಬಂದ. ಹೋಗಿ ಹೇಳಲು ಏನೂ ಇರಲಿಲ್ಲ, ಎಲ್ಲವೂ ಸರಿಯಾಗಿತ್ತು.