ಮೂರು ಉಸಿರು

ನಮ್ಮ ಕಚೇರಿಯ ನಡುಗಂಬಕ್ಕೆ ಒಂದು ಹಿತ್ತಾಳೆಯ ಗಂಟೆ ತೂಗುಹಾಕಿದ್ದರು. ಫೋನಿನಲ್ಲಿ ಯಾರಾದರೂ ಒಬ್ಬ ವ್ಯಾಪಾರಿಯನ್ನು ಒಪ್ಪಿಸಿ ಮೀಟಿಂಗ್ ಗೊತ್ತುಮಾಡಿದರೆ, ಎದ್ದು ಹೋಗಿ ಅದನ್ನು ಒಂದೇ ಸಲ ಬಾರಿಸಬೇಕು. ಉಳಿದವರು ಚಪ್ಪಾಳೆ ತಟ್ಟಬೇಕು. ಸೇರಿದ ಮೊದಲ ತಿಂಗಳು ನಾನು ಆ ಗಂಟೆಯ ಹತ್ತಿರ ಸುಳಿದದ್ದು ನೀರು ಕುಡಿಯಲು ಹೋದಾಗ ಮಾತ್ರ.

ನಮ್ಮದು ಗೋದಾಮು, ಆಸ್ಪತ್ರೆ, ಕಾರ್ಖಾನೆಗಳಿಗೆ ಸಾಫ್ಟ್‌ವೇರ್ ಮಾರುವ ಕಂಪನಿ. ಮಾರುವವರು ನಾವಲ್ಲ, ಅದಕ್ಕೆ ಕೋಟು ತೊಟ್ಟ ಹಿರಿಯರು ಬೇರೆ ಇದ್ದರು. ಗುರುತು ಪರಿಚಯವಿಲ್ಲದವರಿಗೆ ದಿನಕ್ಕೆ ಎಂಬತ್ತು ಕರೆ ಮಾಡಿ, ಬೈಸಿಕೊಂಡು, ಆ ಹಿರಿಯರಿಗೆ ಇಪ್ಪತ್ತು ನಿಮಿಷದ ಭೇಟಿ ಗಿಟ್ಟಿಸಿಕೊಡುವುದಷ್ಟೇ ನಮ್ಮ ಪಾಲಿನ ಕೆಲಸ. ಇಲ್ಲಿ ಮೇಲೆ ಬಂದವರಿಗೆ ಕೈತುಂಬ ಸಂಬಳ ಎಂದು ಸೇರಿಸಿಕೊಳ್ಳುವಾಗ ಹೇಳಿದ್ದರು. ಸುಳ್ಳು ಹೇಳಿರಲಿಲ್ಲ. ಇಂದು ನಾನು ಅಂಥ ನಾಲ್ಕು ಕಚೇರಿಗಳ ಮೇಲ್ವಿಚಾರಕಿ, ನನ್ನ ಸಂಬಳ ಕೇಳಿದವರು ಹುಬ್ಬೇರಿಸುತ್ತಾರೆ.

ನನಗೆ ಕೆಲಸ ಕಲಿಸಿದವಳು ಪಕ್ಕದ ಮೇಜಿನ ವಾರಿಜಕ್ಕ. ನಲವತ್ತು ದಾಟಿದವಳು, ತಂಗಿಯ ಜೊತೆ ಬಾಡಿಗೆ ಮನೆಯಲ್ಲಿದ್ದಳು. ಮೊದಲ ವಾರದಲ್ಲೇ ನನ್ನ ಬಾಯಿಂದ 'ನೀವು' ಬಿಡಿಸಿದಳು. ಅವಳ ದನಿ ಕೇಳಿದರೆ ಎಂಥ ಸಿಡುಕನೂ ಫೋನ್ ಇಡುತ್ತಿರಲಿಲ್ಲ. ಪ್ರತಿ ಗಿರಾಕಿಗೂ ಅವಳ ಹತ್ತಿರ ಒಂದೊಂದು ಚೀಟಿ: ಒಬ್ಬರಿಗೆ ಹನ್ನೊಂದರ ಮೇಲೆ ತಲೆನೋವು, ಇನ್ನೊಬ್ಬರ ತಾಯಿಗೆ ಕಣ್ಣಿನ ಆಪರೇಷನ್. ಒಂದು ದಿನ ನಾನು ಸೋತು ಮೇಜಿಗೆ ತಲೆಯಿಟ್ಟಾಗ ಅವಳು ತನ್ನ ಗುಟ್ಟು ಬಿಟ್ಟುಕೊಟ್ಟಳು.

"ಬೇಡ ಅಂದ್ರೆ ಗಾಬರಿ ಬೀಳ್ಬೇಡ ಕಣೇ. ಮೂರು ಉಸಿರು ಸುಮ್ನಿರು. ಎದುರಿನೋರು ಸುಮ್ನಿದ್ರೆ ಯಾರಿಗೂ ತಡ್ಕೊಳ್ಳೋಕಾಗಲ್ಲ. ಮಿಕ್ಕಿದ್ದನ್ನ ಅವರೇ ಹೇಳ್ತಾರೆ."

ಮಂತ್ರ ಹಾಕಿದ ಹಾಗೆ ಅದು ಫಲ ಕೊಟ್ಟಿತು. ಬೇಡ ಎಂದವರು ಮೂರನೆಯ ಉಸಿರಿಗೆ, 'ಅಲ್ಲ, ಈಗಿರೋದು ಸರಿಯಾಗಿ ನಡೀತಿಲ್ಲ ನಿಜ' ಎಂದು ತಾವೇ ಬಾಯಿಬಿಡುತ್ತಿದ್ದರು. ನಾನೂ ಗಂಟೆ ಬಾರಿಸತೊಡಗಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ವಾರಿಜಕ್ಕನ ದನಿ ಒಡೆಯತೊಡಗಿತು. ಜ್ಯೇಷ್ಠಮಧು ಅಗಿದಳು, ಬಿಸಿನೀರು ಕುಡಿದಳು, ಏನೂ ಆಗಲಿಲ್ಲ. ಗಂಟಲಲ್ಲಿ ಗೆಡ್ಡೆಯಿದೆ, ಈಗಲೇ ತೆಗೆದರೆ ದನಿ ಉಳಿಯುತ್ತದೆ ಎಂದ ಡಾಕ್ಟರು ಆರು ವಾರದ ನಂತರದ ಒಂದು ದಿನ ಕೊಟ್ಟರು. ಆಪರೇಷನ್ನಿಗೆ ಕಂಪನಿಯ ವಿಮೆಯೇ ಗತಿ, ಅದು ಸಿಗುವುದು ಕೆಲಸದಲ್ಲಿರುವವರಿಗೆ ಮಾತ್ರ. ಸತತ ಎರಡು ತಿಂಗಳು, ತಿಂಗಳಿಗೆ ಹನ್ನೆರಡು ಮೀಟಿಂಗ್ ಮುಟ್ಟದವರನ್ನು ಮನೆಗೆ ಕಳಿಸುವುದು ಅಲ್ಲಿನ ನಿಯಮ, ಮತ್ತು ಅವಳಿಗೆ ಒಂದು ತಿಂಗಳು ಆಗಲೇ ತಪ್ಪಿತ್ತು. ಮೆಟ್ಟಿಲ ಮೇಲೆ ಕೂತು ಪಿಸುದನಿಯಲ್ಲಿ ಇದನ್ನೆಲ್ಲ ಹೇಳಿದಳು. ಮಾತಾಡುವ ಕೆಲಸಕ್ಕೆ ದನಿಯೇ ಇಲ್ಲವೆಂದು ಗೊತ್ತಾದರೆ ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ ಎಂಬ ಹೆದರಿಕೆ ಅವಳಿಗೆ.

ಹಾಗಾಗಿ ಅವಳ ಪಟ್ಟಿಗೆ, ಅವಳ ಫೋನಿನಿಂದಲೇ ನಾನು ಮಾತಾಡಿದೆ. ಅವಳು ಪಕ್ಕದಲ್ಲಿ ಕೂತು ಚೀಟಿ ಬರೆದು ನನ್ನ ಮುಂದೆ ತಳ್ಳುತ್ತಿದ್ದಳು. ಯಾವ ಪ್ರಶ್ನೆ ಕೇಳಬೇಕು, ಎಲ್ಲಿ ನಿಲ್ಲಬೇಕು, ಎಲ್ಲವೂ ಅವಳದೇ. ನೋಡಿದವರು ನನಗೆ ಪಾಠ ನಡೆಯುತ್ತಿದೆ ಎಂದುಕೊಂಡರು. ಭೇಟಿ ಗೊತ್ತಾದ ಕೂಡಲೇ ವಾರಿಜಕ್ಕ ಎದ್ದು ಹೋಗಿ ಗಂಟೆ ಬಾರಿಸುತ್ತಿದ್ದಳು. ಆ ದಿನಗಳಲ್ಲಿ ಅವಳು ಜೋರಾಗಿ ಮಾಡಬಹುದಾಗಿದ್ದ ಸದ್ದು ಅದೊಂದೇ. ನಾಲ್ಕು ವಾರದಲ್ಲಿ ಹದಿಮೂರು ಸಲ ಬಾರಿಸಿದಳು.

ಪ್ರತಿ ಕರೆಯೂ ರೆಕಾರ್ಡ್ ಆಗುತ್ತದೆಂಬುದು ನಮಗೆ ಗೊತ್ತಿತ್ತು. ಅದನ್ನು ಯಾರೂ ಕೇಳುವುದಿಲ್ಲ ಎಂದೂ ಗೊತ್ತಿತ್ತು. ಆದರೆ ಆ ತಿಂಗಳು ತಂಡಕ್ಕೆ ಮುಖ್ಯಸ್ಥರೊಬ್ಬರನ್ನು ಆರಿಸಬೇಕಾಗಿ ಬಂದು, ಮ್ಯಾನೇಜರ್ ಸುಧೀಂದ್ರ ಸರ್ ಎಲ್ಲವನ್ನೂ ಕೂತು ಕೇಳಿದರು. ಒಂದು ಮಧ್ಯಾಹ್ನ ಗಾಜಿನ ಕೋಣೆಗೆ ನನ್ನನ್ನು ಕರೆದರು.

"ವಾರಿಜಾ ಅವರ ಕರೆಗಳಲ್ಲೂ ನಿನ್ನ ದನಿಯೇ ಇದೆಯಲ್ಲಮ್ಮ?"

"ಹೌದು ಸರ್, ನನ್ನದೇ."

ಅಷ್ಟು ನಿಜ. ಮಿಕ್ಕದ್ದನ್ನು ಹೇಳಲು ಬಾಯಿ ತೆರೆದೆ. ಆಗಲೇ ಅವರ ಮೇಜಿನ ಮೇಲಿನ ಹಾಳೆಯಲ್ಲಿ ಮುಖ್ಯಸ್ಥರ ಸ್ಥಾನದ ಮುಂದೆ ಪೆನ್ಸಿಲಿನಲ್ಲಿ ಬರೆದಿದ್ದ ನನ್ನ ಹೆಸರು ಕಂಡಿತು. ನಾನು ಸುಮ್ಮನಾದೆ. ಒಂದು ಉಸಿರು, ಎರಡು, ಮೂರು. ಉಳಿದದ್ದನ್ನು ಅವರೇ ಹೇಳಿದರು. ಅಂದರೆ ಆಕೆ ಕೆಲಸವನ್ನೇ ಮಾಡದೆ ನಿನ್ನ ದುಡಿಮೆಯಲ್ಲಿ ಗಂಟೆ ಬಾರಿಸಿಕೊಂಡು ಕೂತಿದ್ದಾರೆ ಎಂದರು. ನಾನು ಅಲ್ಲವೆನ್ನಲಿಲ್ಲ.

ಆ ಶುಕ್ರವಾರವೇ ವಾರಿಜಕ್ಕನನ್ನು ಕಳಿಸಿದರು. ಆಪರೇಷನ್ನಿಗೆ ಇನ್ನು ಹದಿನಾಲ್ಕು ದಿನವಿತ್ತು. ಹೋಗುವಾಗ ಅವಳು ನನ್ನನ್ನು ಏನೂ ಕೇಳಲಿಲ್ಲ. ತನ್ನ ಚೀಟಿಗಳ ಡಬ್ಬಿಯನ್ನು ನನ್ನ ಮೇಜಿನ ಮೇಲಿಟ್ಟು ಹೋದಳು. ನಾನು ಆ ಚೀಟಿಗಳನ್ನು ಉಪಯೋಗಿಸಿದೆ, ಅದನ್ನೂ ಹೇಳಿಬಿಡುತ್ತೇನೆ. ಮೊದಲ ಮೂರು ಬಡ್ತಿಗಳು ಆ ಡಬ್ಬಿಯಿಂದಲೇ ಬಂದವು.

ಅವಳ ಮನೆಗೆ ಹೋಗಲು ನನಗೆ ಎಂಟು ತಿಂಗಳು ಬೇಕಾಯಿತು. ತಂಗಿ ಬಾಗಿಲು ತೆಗೆದು, ಧರ್ಮಾಸ್ಪತ್ರೆಯಲ್ಲಿ ಸರದಿ ಬರುವಷ್ಟರಲ್ಲಿ ತಡವಾಗಿತ್ತು, ಗಂಟಲಿನ ದನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು ಎಂದು ಮೆಲ್ಲಗೆ ಹೇಳಿ ಅಡುಗೆಮನೆಗೆ ಹೋದಳು. ಒಳಗೆ ವಾರಿಜಕ್ಕ, ಕುತ್ತಿಗೆಯಲ್ಲಿ ಉಸಿರಿಗೆಂದು ಮಾಡಿದ್ದ ತೂತಿನ ಮೇಲೆ ಹತ್ತಿಯ ಬಟ್ಟೆ ಸುತ್ತಿಕೊಂಡು ಕೂತಿದ್ದಳು. ಪಕ್ಕದ ಸ್ಟೂಲಿನ ಮೇಲೆ ಒಂದು ಸ್ಲೇಟು, ತಂಗಿಯನ್ನು ಕರೆಯಲು ಒಂದು ಪುಟ್ಟ ಗಂಟೆ. ಆರೋಗ್ಯ ವಿಚಾರಿಸಿ ಎದ್ದುಬಿಡೋಣವೆಂದೇ ನಾನು ಬಂದದ್ದು. ಹಣ್ಣಿನ ಚೀಲ ಇಟ್ಟು, ಹೇಗಿದ್ದೀಯಕ್ಕ ಎಂದೆ.

ಅವಳು ನನ್ನನ್ನೇ ನೋಡಿದಳು. ಅವಳ ಉಸಿರು ಕುತ್ತಿಗೆಯ ಬಟ್ಟೆಯನ್ನು ಅಲುಗಿಸುತ್ತಿತ್ತು, ನಾನು ಎಣಿಸತೊಡಗಿದೆ. ಮೂರನೆಯದಕ್ಕೆ ನನ್ನ ಬಾಯಿಂದ ಎಲ್ಲವೂ ಹೊರಬಿತ್ತು: ಗಾಜಿನ ಕೋಣೆ, ಪೆನ್ಸಿಲಿನ ಹೆಸರು, ನಾನು ಹೇಳದೆ ಉಳಿಸಿಕೊಂಡದ್ದು. ಹೇಳುತ್ತಾ ಅತ್ತುಬಿಟ್ಟೆ.

ಅವಳು ಸ್ಲೇಟಿನ ಮೇಲೆ ನಿಧಾನವಾಗಿ ಬರೆದು ನನ್ನ ಕಡೆ ತಿರುಗಿಸಿದಳು.

"ಗೊತ್ತಿತ್ತು. ನೀನೇ ಬಂದು ಹೇಳ್ತೀಯ ಅಂತ ಕಾದೆ."

ಆಮೇಲೆ ಕೈಚಾಚಿ ಗಂಟೆಯನ್ನು ಒಂದೇ ಸಲ ಬಾರಿಸಿದಳು, ಕಚೇರಿಯಲ್ಲಿ ಬಾರಿಸುತ್ತಿದ್ದ ಹಾಗೆಯೇ. ತಂಗಿ ಒಳಗಿನಿಂದ ಬಂದು ನಿಂತಾಗ ವಾರಿಜಕ್ಕ ಕಾಫಿಗೆಂದು ಎರಡು ಬೆರಳು ತೋರಿಸಿ, ಸೆರಗಿನ ತುದಿಯಿಂದ ಸ್ಲೇಟನ್ನು ಒರೆಸತೊಡಗಿದಳು.