ದಂತವೈದ್ಯ ಕೂಡಲೇ ಹೊರಟದ್ದು

ಈಸ್ಟರಿಗೆ ಮುಂಚೆ ಉಪವಾಸವಿರುವ ತಪಸ್ಸು ಕಾಲದ ಒಂದು ಶುಕ್ರವಾರ ದಂತವೈದ್ಯನಿಗೆ ದೇವರ ಕರೆ ಬಂತು. ಆಗ ಅವನು ಹರಾಜು ಕೂಗುವವನೊಬ್ಬನ ಕೆಳದವಡೆಗೆ, ಹಲ್ಲಿನ ಅಚ್ಚು ತೆಗೆಯುವ ಹಿಟ್ಟು ತುಂಬಿದ ತಟ್ಟೆಯನ್ನು ಒತ್ತಿ ಹಿಡಿದಿದ್ದ.

ಈಸ್ಟರಿಗೆ ಅವನು ಕ್ರೈಸ್ತನಾಗುವ ಜ್ಞಾನಸ್ನಾನ ನಿಗದಿಯಾಗಿತ್ತು. ಅದರ ಪಾಠದಲ್ಲಿ ಪಾದ್ರಿ ಹೇಳಿದ್ದೊಂದು ಅವನ ನಿದ್ದೆ ಕೆಡಿಸಿತ್ತು: ಯೇಸು ಕರೆದಾಗ ಆ ಬೆಸ್ತರು 'ಆಮೇಲೆ ಬರ್ತೀವಿ' ಎನ್ನಲಿಲ್ಲ, ಬಲೆ ಬಿಟ್ಟು ಕೂಡಲೇ ಹೊರಟರು. ದಂತವೈದ್ಯನೋ ಮೀನಮೇಷ ಎಣಿಸುವುದರಲ್ಲೇ ಕೂದಲು ನೆರೆಸಿಕೊಂಡವನು. ಈ ಸಲವೂ ತಡಮಾಡಿದರೆ ತನ್ನನ್ನು ಸೇರಿಸಿಕೊಳ್ಳುವುದಿಲ್ಲ ಎಂಬ ಭಯ ಅವನಿಗೆ.

ಕೈ ತೊಳೆದು ಹೊರಟ.

"ಎಲ್ಲಿಗ್ರೀ?" ಹೊರಗಿನ ಮೇಜಿನಲ್ಲಿ ಕೂತಿದ್ದ ಹೆಂಡತಿ ಕೇಳಿದಳು.

"ಕರೆ ಬಂತು."

"ಒಳಗಿರೋರ ಬಾಯಿ?"

"ಬೆಸ್ತರು ಹಿಂದೆ ತಿರುಗಿ ನೋಡ್ಲಿಲ್ಲ ಕಣೇ."

"ಅವರು ಮೀನಿನ ಬಾಯಿಗೆ ಹಿಟ್ಟು ತುಂಬಿಟ್ಟು ಹೋಗಿರ್ಲಿಲ್ಲ."

ಆ ಹಿಟ್ಟು ಗಟ್ಟಿಯಾಗಲು ಕೆಲವೇ ನಿಮಿಷ ಸಾಕು. ಹರಾಜಿನವನು ತಟ್ಟೆಯ ಹಿಡಿ ಜಗ್ಗಿದ. ಜಪ್ಪಯ್ಯ ಅಂದರೂ ಅಲುಗಲಿಲ್ಲ. ಕೊರಳಿಗೆ ಕಟ್ಟಿದ ಪ್ಲಾಸ್ಟಿಕ್ ಬಟ್ಟೆಯ ಸಮೇತ ವೈದ್ಯನ ಬೆನ್ನು ಹತ್ತಿದ. ದಾರಿಯಲ್ಲಿ ಅವನ ಹರಾಜಿಗೆ ಬರುವ ಗಿರಾಕಿಗಳಿಬ್ಬರು ಏನೋ ಅಗ್ಗಕ್ಕೆ ಸಿಗಲಿದೆಯೆಂದು ಹಿಂದೆ ಬಂದರು.

ಚರ್ಚಿನಲ್ಲಿ ಪ್ರಾರ್ಥನೆ ಆಗಷ್ಟೇ ಮುಗಿದಿತ್ತು. ಜೊಲ್ಲು ಸುರಿಸುತ್ತ ಮೂಕನಾಗಿ ನಿಂತ ಹರಾಜಿನವನಿಗೆ ಅಜ್ಜಿಯೊಬ್ಬಳು ಬೆಂಚಿನಲ್ಲಿ ಜಾಗ ಬಿಟ್ಟು ಕೂರಿಸಿದಳು.

"ನೋಡಿ ಕಲೀರಿ," ಎಂದು ಉಳಿದವರಿಗೆ ಹೇಳಿದಳು. "ಮಾಂಸ ಬಿಟ್ಟಿದ್ದಕ್ಕೇ ನೀವು ಡಂಗುರ ಹೊಡೀತೀರಿ. ಈತ ಮಾತನ್ನೇ ಬಿಟ್ಟಿದ್ದಾನೆ."

ದಂತವೈದ್ಯ ಪಾದ್ರಿಯ ಮುಂದೆ ಏದುಸಿರು ಬಿಡುತ್ತಿದ್ದ. "ಕರೆ ಬಂತು ಫಾದರ್. ಕೂಡಲೇ ಬಂದೆ."

"ಏನು ಮಾಡ್ಬೇಕಂತೆ?"

"ಅದು ಹೇಳ್ಲಿಲ್ಲ."

"ಹೇಳೋಕೆ ನೀವೆಲ್ಲಿ ನಿಂತ್ರಿ? ಹಿಂದೆ ಯಾರಿದ್ದಾರೆ ನೋಡಿ."

"ತಿರುಗಿ ನೋಡಿದ್ರೆ ನನ್ನನ್ನ ಸೇರಿಸ್ಕೊಳ್ಳೋದಿಲ್ಲವೇನೋ ಅಂತ..."

"ನೋಡಿ ಡಾಕ್ಟ್ರೇ. ಆಮೇಲಿನದು ನನಗಿರಲಿ."

ದಂತವೈದ್ಯ ಕತ್ತನ್ನು ಇಷ್ಟಿಷ್ಟೇ ತಿರುಗಿಸಿದ. ಹರಾಜಿನವನ ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಬೆಂಚು ತಗ್ಗು, ಕೆಳದವಡೆ ಎಟುಕಬೇಕಾದರೆ ಮೊಣಕಾಲೂರಲೇಬೇಕು. ವೈದ್ಯ ಮೊಣಕಾಲೂರಿದ. ಅದನ್ನು ಕಂಡು ಇಡೀ ಸಭೆ ಮೊಣಕಾಲೂರಿತು. ಗಿರಾಕಿಗಳೂ ಊರಿದರು.

"ಮೂಗಲ್ಲಿ ಉಸಿರಾಡಿ. ಹಾಂ, ಹಾಗೇ."

ಲೊಚಕ್ಕನೆ ತಟ್ಟೆ ಕಳಚಿ ಬಂತು. ಹರಾಜಿನವನು ದವಡೆ ಆಡಿಸಿ ನೋಡಿಕೊಂಡ.

"ಇನ್ನು ಮೇಲಿನ ದವಡೆಗೆ ಯಾವ ಗುಡಿಗೆ ಬರ್ಬೇಕು ಹೇಳಿಬಿಡಿ," ಎಂದ.

ವೈದ್ಯ ತಲೆ ತಗ್ಗಿಸಿ ಪಾದ್ರಿಯನ್ನು ಕೇಳಿದ: "ಹಾಗಾದ್ರೆ ಈಸ್ಟರಿಗೆ ನನ್ನದು...?"

"ಜ್ಞಾನಸ್ನಾನಕ್ಕೆ ಬಿಳಿ ಅಂಗಿ ಹೊಲಿಸಿಟ್ಕೊಳ್ಳಿ. ಈಗ ಇವರನ್ನ ಕರ್ಕೊಂಡು ಹೋಗಿ, ಮೇಲಿನ ದವಡೆ ಮುಗಿಸಿ."